ಅಳತೆಯ ಹಲಗೆ

ಹಲಗೆಯ ಮೇಲಿನ ಅಂಕಿಗಳು ಮಾಸಿವೆ.
ಹದಿನಾಲ್ಕು ಇಂಚಿನ ಹತ್ತಿರ ಇನ್ನೂ ಹೆಚ್ಚು,
ಬಾಲಗಳು ಅಲ್ಲೇ ತಾನೆ ಬಡಿಯುತ್ತಿದ್ದದ್ದು.
ಒಣಗೈಯಲ್ಲಿ ಮುಟ್ಟಬೇಡಿ, ಮೈಮೇಲಿನ ಲೋಳೆ ಹೋಗುತ್ತದೆ,
ಎಂದು ಇಪ್ಪತ್ತಮೂರು ಜೂನ್ ತಿಂಗಳು
ಬಂದವರಿಗೆಲ್ಲ ಹೇಳಿದವಳು ನಾನೇ.

ಲಾಂಗ್ ಆರ್ಮ್ ಕೆರೆಯ ಬಾಸ್ ಮೀನನ್ನು ಯಾರೂ ತಿನ್ನುವುದಿಲ್ಲ.
ಹಿಡಿಯುತ್ತೇವೆ, ಅಳೆಯುತ್ತೇವೆ, ಒಂದು ಫೋಟೋ,
ಬಿಡುತ್ತೇವೆ.
ಆರ್ವೋ ನಿಯೆಮಿಯ ಬಾಣಲೆಗೆ ಬರೀ ಆಲೂಗಡ್ಡೆ.
ಎಂಬತ್ತೆಂಟನೇ ಇಸವಿಯಿಂದ ಒಂದನ್ನೂ ಕೊಂದಿಲ್ಲ ಎಂದು
ಚರ್ಚಿನ ದನಿಯಲ್ಲೇ ದೋಣಿಕಟ್ಟೆಯಲ್ಲೂ ಹೇಳುತ್ತಾನೆ.

ಆದರೂ ಮೀನಿಲ್ಲ.

ಕ್ಲಬ್ಬಿನ ಸಭೆಯಲ್ಲಿ ಕಾಫಿ ಆರುವಷ್ಟು ಹೊತ್ತು ಜಗಳ.
ನೀರುಕಾಗೆ ಅಂದರು. ಮಿಲ್ವಾಕಿಯಿಂದ ಬರುವ ದೊಡ್ಡ ದೋಣಿ ಅಂದರು.
ಹಿಮ ಬೇಗ ಕರಗಿದ್ದು, ಜೊಂಡಿಗೆ ಹೊಡೆದ ಔಷಧಿ.
ಒಬ್ಬೊಬ್ಬರದೂ ಒಂದೊಂದು ಕಡೆಗೆ ಬೆರಳು;
ಪಕ್ಕದ ಹೆಬ್ಬೆರಳು ಮಾತ್ರ ಎಲ್ಲರದೂ ಒಂದೇ,
ಬಾಸಿನ ಸಣ್ಣ ಹಲ್ಲುಗಳು ಉಜ್ಜಿ ಉಜ್ಜಿ
ಮರಳುಕಾಗದ ಮಾಡಿಟ್ಟದ್ದು.

ಇಲಾಖೆಯಿಂದ ಬಂದ ತಿಯಾ ಬ್ರೊಡ್ಯೂರ್ ಮಾತಾಡಲಿಲ್ಲ.
ಕಪ್ಪು ರಬ್ಬರು ತೊಟ್ಟು, ನೀರಿನ ಮೇಲೆ ಬೋರಲು ಮಲಗಿ,
ಎರಡು ದಿನ ದಡದುದ್ದಕ್ಕೂ ತೇಲಿದಳು.
ಮೂರನೇ ದಿನ ನನಗೂ ಒಂದು ಕನ್ನಡಕ, ಒಂದು ಕೊಳವೆ.
ಅರವತ್ತೊಂದು ವರ್ಷ
ಈ ನೀರಿನ ಮೇಲ್ಮೈಯನ್ನಷ್ಟೇ ಕಂಡವಳು ನಾನು.

ಆಳುದ್ದದ ಕೆಳಗೆ, ತಟ್ಟೆಯಗಲ, ಯಾರೋ ಗುಡಿಸಿದ ಜಾಗ.
ತೊಳೆದಿಟ್ಟಂಥ ಬೆಣಚುಕಲ್ಲು.
ಕಲ್ಲಿಗಂಟಿದ ಮೊಟ್ಟೆ, ಸಾಸಿವೆಯಷ್ಟು, ಹಳದಿ.
ಮೇಲೊಂದು ಗಂಡು. ಇಟ್ಟವಳು ಇಟ್ಟು ಹೋಗಿದ್ದಾಳೆ,
ಇವನು ಬಾಲ ಬೀಸುತ್ತಾನೆ,
ತೊಟ್ಟಿಲ ಮೇಲೆ ಕೈ ಇಟ್ಟುಕೊಂಡೇ ತೂಕಡಿಸುವವರ ಹಾಗೆ.
ಬಲಗಡೆಯ ತುಟಿ ಹರಿದಿತ್ತು.
ಗುರುತು ಸಿಕ್ಕಿತು: ನನ್ನ ಪುಸ್ತಕದಲ್ಲಿದ್ದಾನೆ,
ಮೂರು ಸಲ, ಕೊನೆಯ ಸಲ ಹದಿನೇಳೂವರೆ.

ಮೊಳ ದೂರದಲ್ಲಿ ಪರ್ಚ್ ಮೀನುಗಳು
ಅಂಗಡಿ ಬಾಗಿಲು ತೆರೆಯಲಿ ಎಂದು ನಿಂತಂತೆ ನಿಂತಿದ್ದವು.

ಆಗ ದೋಣಿಯ ನೆರಳು.
ಹಸಿರು ರಬ್ಬರಿನ ಹುಳು ಇಳಿದು ಗೂಡಿನ ನಡುವೆ ಕೂತಿತು.
ಹಸಿದು ಕಚ್ಚಲಿಲ್ಲ ಅವನು.
ಮನೆಯೊಳಗೆ ಬಿದ್ದ ಕಸವನ್ನು ಎತ್ತಿ ಆಚೆ ಹಾಕಲು
ಬಾಯಿ ಹಾಕಿದ,
ಮೇಲೆ ಹೋದ.

ಎರಡು ನಿಮಿಷ. ಹೆಚ್ಚಿಲ್ಲ.
ಆರ್ವೋನದು ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ,
ಕಿವಿರಿಗೆ ನೀರು ಹತ್ತುವವರೆಗೆ ಬಾಲ ಹಿಡಿದು ಕಾಯುವ ತಾಳ್ಮೆ.
ಪರ್ಚ್‌ಗಳು ಒಂದು ಕಲ್ಲನ್ನೂ ಬಿಡಲಿಲ್ಲ.

ಮರಳಿ ಬಂದ. ಒಂದು ಸುತ್ತು ಸುತ್ತಿದ.
ಬರಿಗಲ್ಲಿಗೆ ಸ್ವಲ್ಪ ಹೊತ್ತು ಬಾಲ ಬೀಸಿ
ನಿಲ್ಲಿಸಿದ.
ತಿಯಾ ಸ್ಲೇಟಿನ ಮೇಲೆ ಹನ್ನೊಂದನ್ನು ಹೊಡೆದು
ಹತ್ತು ಎಂದು ಬರೆದಳು.

ಕೈ ಬಿಟ್ಟೆವು, ಬಿಟ್ಟೆವು, ಎಷ್ಟು ಸಲ ಬಿಟ್ಟೆವು.
ಕೈಬಿಡುವುದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು
ಗೊತ್ತಿರಲಿಲ್ಲವೇ?
ಗೊತ್ತಿತ್ತು. ಅದು ಬೇರೆಯವರಿಗೆ ಅಂದುಕೊಂಡಿದ್ದೆ.

ಸಂಜೆ ಕಟ್ಟೆಯ ಮೇಲೆ ಆರ್ವೋನಿಗೆ ಎಲ್ಲ ಹೇಳಿದೆ.
ಟೋಪಿ ತೆಗೆದ, ಒಳಗೆ ಏನೋ ಹುಡುಕಿದ, ಮತ್ತೆ ಹಾಕಿಕೊಂಡ.
'ಚೆನ್ನಾಗಿಯೇ ಈಜಿಕೊಂಡು ಹೋದನಲ್ಲ' ಅಂದ.

ಈ ಜೂನಿನಲ್ಲಿ ಹಲಗೆ ಶೆಡ್ಡಿನ ಗೋಡೆಗೆ ಒರಗಿದೆ.
ಬೆಳಿಗ್ಗೆ ಬೆಳಿಗ್ಗೆ ಆರ್ವೋ ದೋಣಿ ತಂದು
ಅದೇ ಜಾಗದ ಮೇಲೆ, ಗಾಳವಿಲ್ಲದೆ, ಕೂತಿರುತ್ತಾನೆ.
ಏನು ಮಾಡುತ್ತೀಯೋ ಎಂದರೆ
ಪರ್ಚ್ ಓಡಿಸುತ್ತಿದ್ದೇನೆ ಅನ್ನುತ್ತಾನೆ, ಹುಟ್ಟಿನಿಂದ ನೀರು ಬಡಿದು.
ನಿನ್ನ ನೆರಳಿಗೇ ಗೂಡಿನವನು ಬೆದರುತ್ತಾನೆ
ಎಂದು ಹೇಳಬೇಕು.

ನಾಳೆ ಹೇಳುತ್ತೇನೆ.